ಲೆಕ್ಕಕ್ಕಿಲ್ಲದ ಹಿಟ್ಟು

ಅಕ್ಟೋಬರ್ 12

ಮೋಡಮ್ಮನಿಗೆ ಭಾವನ ಆಶೀರ್ವಾದ,

ಕಾಗದ ಶುರು ಮಾಡುವಾಗ ಎಲ್ಲರೂ ಕ್ಷೇಮ ಅಂತ ಬರೆಯಬೇಕು. ಬರೆದಿದ್ದೇನೆ ಅಂದುಕೋ. ನಿನ್ನ ಅಕ್ಕ ಕ್ಷೇಮ, ಬೇಕರಿ ಕ್ಷೇಮ, ನಾನು ಭಟ್ಟಿಯ ಹೊಗೆಗೆ ಒಂದಿಷ್ಟು ಕೆಮ್ಮುತ್ತೇನೆ, ಅದು ಬಿಟ್ಟರೆ ಕ್ಷೇಮ. ನನಗೆ ಗೊತ್ತು, ನೀನು ಈ ಸಾಲನ್ನೆಲ್ಲ ಹಾರಿಸಿ ನಾಯಿಯ ಸುದ್ದಿ ಎಲ್ಲಿದೆ ಅಂತ ಹುಡುಕುತ್ತಿರುತ್ತೀಯ. ಇಲ್ಲಿದೆ.

ಮಸಿ ಚೆನ್ನಾಗಿದ್ದಾನೆ. ನೀನು ಜೀಪು ಹತ್ತಿ ಆ ಬೆಟ್ಟದ ಹವಾಮಾನ ಕೇಂದ್ರಕ್ಕೆ ಹೊರಟ ದಿನ ಬಾಗಿಲಲ್ಲಿ ಕೂತವನು ಸಂಜೆಯಾದರೂ ಏಳಲಿಲ್ಲ. ಮಾರನೆಯ ದಿನ ರಸ್ಕಿನ ತುಂಡು ತೋರಿಸಿದೆ, ಎದ್ದ. ನಿಮ್ಮ ವಂಶದ ದುಃಖಕ್ಕೆ ಅಷ್ಟೇ ಆಯಸ್ಸು ಅನ್ನುವುದು ನಿನ್ನ ಅಕ್ಕನನ್ನು ಕಟ್ಟಿಕೊಂಡ ಮೇಲೆ ನನಗೆ ತಿಳಿದ ವಿಷಯ.

ಈಗ ಅವನಿಗೆ ಇಲ್ಲಿ ಉದ್ಯೋಗವಾಗಿದೆ. ಹಿಟ್ಟು ಕಲಸುವ ರೂಮಿನ ಹಿಂಬಾಗಿಲ ಹೊರಗೆ ಕೂತಿರುತ್ತಾನೆ. ಒಳಗೆ ಬಿಡುವುದಿಲ್ಲ, ಅವನೂ ಬರುವುದಿಲ್ಲ. ನಾನು ಹೊರಗೆ ಬಂದೆನೋ, ಮೊಣಕೈವರೆಗೆ ನೆಕ್ಕಿ ಸ್ವಚ್ಛ ಮಾಡುತ್ತಾನೆ. ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೇನೆ. ಬೆನ್ನು ಸವರಿದರೆ ಆ ಕರಿ ಮೈಮೇಲೆ ನನ್ನ ಐದೂ ಬೆರಳು ಬೆಳ್ಳಗೆ ಮೂಡುತ್ತವೆ. ನಿನ್ನ ಅಕ್ಕ ನೋಡಿ, ಅಂಗಡಿ ಮುದ್ರೆ ಒತ್ತಿಬಿಟ್ಟಿದ್ದೀರಿ, ನಾಳೆ ಅವಳು ಬಂದು ಕೇಳಿದರೆ ಇದು ನಮ್ಮ ಮಾಲು ಅಂತೀರಿ ಅಂದಳು. ಅವಳಿಗೆ ನಾಯಿ ಕಂಡರೆ ಆಗದು ಅನ್ನುವ ಮಾತು ಹಾಗೇ ಇದೆ. ಆದರೆ ಕಂಬಳಿ ಮಾತ್ರ ತನ್ನದೇ ಹಾಸಿದ್ದಾಳೆ.

ಒಂದೇ ಒಂದು ವಿಷಯ. ಕೆರೆದುಕೊಳ್ಳುತ್ತಾನೆ. ಕಾಲ್ಬೆರಳ ಸಂದಿಯನ್ನು ಬಿಡದೆ ನೆಕ್ಕುತ್ತಾನೆ. ಚಿಗಟ ಇರಬೇಕು ಅಂತ ಸ್ನಾನ ಮಾಡಿಸಿದೆವು. ಚಿಗಟ ಒಂದೂ ಸಿಗಲಿಲ್ಲ, ನಾನು ಮಾತ್ರ ತೊಪ್ಪೆಯಾದೆ. ನೀನು ತಲೆ ಕೆಡಿಸಿಕೊಳ್ಳಬೇಡ. ಹೇಗೆ ಕೊಟ್ಟೆಯೋ ಹಾಗೇ ವಾಪಸು ಒಪ್ಪಿಸುತ್ತೇನೆ ಅಂದಿದ್ದೇನೆ. ತೂಕದಲ್ಲಿ ಮೋಸ ಮಾಡಿದ ಹೆಸರು ನನಗಿಲ್ಲ.

ನಿನ್ನ ಭಾವ


ಅಕ್ಟೋಬರ್ 29

ಭಾವನಿಗೆ ನಮಸ್ಕಾರ,

ನಿಮ್ಮ ಕಾಗದ ಬಿಚ್ಚಿದರೆ ಮಡಿಕೆಯಿಂದ ಹಿಟ್ಟು ಉದುರಿತು. ಮೇಜೆಲ್ಲ ಬಿಳಿ. ಇಲ್ಲಿನ ಸಾಹೇಬರು ಬಂದು ನೋಡಿ, ಈ ವರ್ಷ ಹಿಮ ಬೇಗ ಬಿತ್ತು, ಬರೆದುಕೊಳ್ಳಿ ಅಂದರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಇಲ್ಲಿ ನಾವು ಮೂರೇ ಜನ: ಸಾಹೇಬರು, ಅಡುಗೆಯವರು, ನಾನು. ದಿನವೂ ಗಾಳಿ ಅಳೆಯುತ್ತೇನೆ, ಮೋಡ ನೋಡುತ್ತೇನೆ, ಅಂಕಿಗಳನ್ನು ರೇಡಿಯೋದಲ್ಲಿ ಕೆಳಗಿನ ಆಫೀಸಿಗೆ ಓದಿ ಹೇಳುತ್ತೇನೆ. ಆ ರೇಡಿಯೋದಲ್ಲಿ ಮನೆಯ ಸುದ್ದಿ ಮಾತಾಡುವ ಹಾಗಿಲ್ಲ. ಫೋನು ಇಲ್ಲಿ ಬರೀ ಟಾರ್ಚು. ಹಾಗಾಗಿ ರೇಷನ್ ಜೀಪು ಬಂದಾಗ ನಿಮ್ಮ ಕಾಗದ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಗಾಳಿ ಬಾಗಿಲು ತಟ್ಟುತ್ತದೆ ಭಾವ, ಮನುಷ್ಯರು ತಟ್ಟಿದ ಹಾಗೆ. ಮೊದಮೊದಲು ಎದ್ದು ತೆಗೆಯುತ್ತಿದ್ದೆ. ಈಗ ಅಭ್ಯಾಸವಾಗಿದೆ ಅಂತ ಎಲ್ಲರಿಗೂ ಹೇಳುತ್ತೇನೆ. ಮಸಿ ಇದ್ದಿದ್ದರೆ ಒಂದು ಸಲ ಬೊಗಳುತ್ತಿದ್ದ, ಹೊರಗೆ ಯಾರೂ ಇಲ್ಲ ಅಂತ ನನಗೂ ಗೊತ್ತಾಗುತ್ತಿತ್ತು.

ಎಲ್ಲೆಲ್ಲಿ ಕೆರೆದುಕೊಳ್ಳುತ್ತಾನೆ, ಬಿಡಿಸಿ ಬರೆಯಿರಿ. ರಸ್ಕು ಜಾಸ್ತಿ ಹಾಕಬೇಡಿ. ಅಕ್ಕನ ಅಡುಗೆಮನೆಗೆ ಬಿಡಬೇಡಿ. ಕಂಬಳಿ ಹಾಸಿದ್ದಾಳೆ ಅಂತ ನೀವು ನಂಬಬಹುದು. ನನಗೆ ಅವಳು ನಿಮಗಿಂತ ಹಳೇ ಪರಿಚಯ.

ನಿಮ್ಮ ಮೋಡಮ್ಮ


ನವೆಂಬರ್ 9

ಮೋಡಮ್ಮ,

ಈ ಸಲ ಮುಕ್ಕಾಲು ಕ್ಷೇಮ ಅಂತ ಬರೆಯುತ್ತೇನೆ.

ಬಿಡಿಸಿ ಬರೆಯಿರಿ ಅಂದೆಯಲ್ಲ, ಕೇಳು. ಕತ್ತಿನ ಹಿಂದೆ, ಗಲ್ಲದ ಕೆಳಗೆ, ಬೆನ್ನಿನ ನಡುಭಾಗದಲ್ಲಿ ಕೂದಲು ಹೋಗಿ ಚರ್ಮ ಕೆಂಪಗೆ ಕಾಣುತ್ತದೆ. ಕಿವಿಯೊಳಗೆ ಹುಳಿ ಬಂದ ಹಿಟ್ಟಿನ ವಾಸನೆ. ಪಾದ ನೆಕ್ಕಿ ನೆಕ್ಕಿ ಬೆರಳ ಸಂದಿ ಹಸಿಯಾಗಿದೆ. ಬಾಯಿಯ ಸುತ್ತ ಸಣ್ಣ ಸಣ್ಣ ಗುಳ್ಳೆ. ಕೆರೆಯುವಾಗ ಕಣ್ಣು ಮುಚ್ಚಿಕೊಂಡು ಒಂಥರಾ ಗೋಳಿಡುತ್ತಾನೆ, ಅದನ್ನು ಕೇಳಲಾಗುವುದಿಲ್ಲ. ಅಂಗಡಿಯಲ್ಲಿ ರೇಡಿಯೋ ಜೋರಾಗಿಟ್ಟಿದ್ದೇನೆ, ಹಾಡಿನ ಮೇಲಿನ ಪ್ರೀತಿಯಿಂದಲ್ಲ.

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಗಿರಾಕಿಯೇ, ಸಕ್ಕರೆಯಿಲ್ಲದ ಬಿಸ್ಕತ್ತು ಒಯ್ಯುವವರು. ಮಾತಿನಲ್ಲೂ ಸಕ್ಕರೆ ಕಡಿಮೆ. ಕಜ್ಜಿ ಅಲ್ಲ, ಹುಳವೂ ಅಲ್ಲ, ತಿನ್ನುವ ಯಾವುದೋ ಒಂದು ವಸ್ತು ಅವನ ಮೈಗೆ ಒಗ್ಗುತ್ತಿಲ್ಲ ಅಂದರು. ಯಾವುದು ಅಂತ ರಕ್ತ ತೆಗೆದು ಸರಿಯಾಗಿ ಹೇಳಲು ಬರುವುದಿಲ್ಲವಂತೆ. ಗೋಧಿ, ಕೋಳಿ, ಹಾಲು, ಮೊಟ್ಟೆ ಎಲ್ಲಾ ನಿಲ್ಲಿಸಿ, ಇವತ್ತಿನವರೆಗೆ ಅವನು ತಿಂದೇ ಇರದ ಎರಡು ಪದಾರ್ಥ ಮಾತ್ರ ಕೊಡಬೇಕಂತೆ, ವಾರಗಟ್ಟಲೆ. ಚರ್ಮ ವಾಸಿಯಾದರೆ ಆಮೇಲೆ ಹಳೆಯದನ್ನು ಒಂದೊಂದಾಗಿ ಕೊಟ್ಟು ಕಳ್ಳನನ್ನು ಹಿಡಿಯುವುದು. ನಡುವೆ ಒಂದು ತುಣುಕು ಬೇರೆ ಏನಾದರೂ ಹೊಟ್ಟೆಗೆ ಹೋದರೂ ಮತ್ತೆ ಮೊದಲಿಂದ. ನಾನು ಕೇಳಿದೆ, ಚೂರೇ ಚೂರು ರಸ್ಕು? ಆಯಮ್ಮ ಕನ್ನಡಕದ ಮೇಲಿಂದ ನೋಡಿದರು. ಆ ನೋಟಕ್ಕೆ ನಾನು ಅಂಗಡಿಯ ರಸ್ಕಿನ ಡಬ್ಬಿಯನ್ನೇ ಅಟ್ಟಕ್ಕೆ ಹಾಕಿದೆ.

ಮೀನು ಮತ್ತು ಗೆಣಸು ಅಂತ ತೀರ್ಮಾನವಾಯಿತು. ಬೇಯಿಸಿ ಹಿಸುಕಿ ಇಟ್ಟರೆ ನಿನ್ನ ರಾಜಕುಮಾರ ಮೂಸಿ ನೋಡಿ ಮುಖ ತಿರುಗಿಸಿದ. ಹಾಗೆಲ್ಲ ಸೋಲುವವನು ನಾನಲ್ಲ. ತಟ್ಟೆ ತೊಳೆಯಲು ಸೇರಿಕೊಂಡ ಬೇಕರಿಗೆ ಯಜಮಾನನಾದವನು. ಮೀನು, ಗೆಣಸು ಎರಡನ್ನೇ ಕೈಯಾರೆ ನಾದಿ, ತೆಳ್ಳಗೆ ತಟ್ಟಿ, ತಟ್ಟೆಗೆ ಅಂಟದ ಹಾಗೆ ಹಿಟ್ಟು ಉದುರಿಸಿ, ಭಟ್ಟಿಯಲ್ಲಿಟ್ಟು ಬಿಸ್ಕತ್ತು ಮಾಡಿದೆ. ಗರಿಗರಿ. ಕುಣಿದು ಕುಣಿದು ತಿಂದ. ಎರಡೇ ಪದಾರ್ಥ, ಮೂರನೆಯದು ನನ್ನ ಕೈಗುಣ. ಇನ್ನು ವಾಸಿಯಾಗದೆ ಎಲ್ಲಿಗೆ ಹೋಗುತ್ತದೆ.

ನಿನ್ನ ಭಾವ


ನವೆಂಬರ್ 26

ಭಾವ,

ನಿಮ್ಮ ಕಾಗದವನ್ನು ಇಲ್ಲಿ ಎಷ್ಟು ಸಲ ಓದಿದೆನೋ. ಅಡುಗೆಯವರು ಕೇಳಿದರು, ಮನೆಯಲ್ಲಿ ಯಾರಿಗಮ್ಮ ಹುಷಾರಿಲ್ಲ ಅಂತ. ತಮ್ಮನಿಗೆ ಅಂದೆ. ಸುಳ್ಳು ಅನ್ನಿಸಲೂ ಇಲ್ಲ.

ಕತ್ತು, ಗಲ್ಲದ ಕೆಳಗೆ, ಬೆನ್ನು. ಎಲ್ಲಾ ನೀವು ಮುದ್ದು ಮಾಡುವ ಜಾಗಗಳೇ. ಪಾಪ, ಇನ್ನು ನಿಮಗೆ ಕೈ ಇಡಲೂ ಜಾಗವಿಲ್ಲ. ಆದರೂ ಮುಟ್ಟಿ, ಭಾವ. ಮೈ ನೋಡಿ ಅಸಹ್ಯಪಟ್ಟರು ಅಂತ ಅವನಿಗೆ ಅನ್ನಿಸಬಾರದು.

ಇನ್ನೊಂದು ಮಾತು. ಬರೆಯಲೋ ಬೇಡವೋ ಅಂತ ನೋಡಿದೆ. ನೀವು ಅಷ್ಟು ಕಟ್ಟುನಿಟ್ಟಾಗಿ ಕೊಟ್ಟೂ ವಾಸಿಯಾಗದಿದ್ದರೆ, ನಿಮಗೆ ಕಾಣದ ಹಾಗೆ ಬೇರೆ ಯಾರೋ ಏನೋ ಹಾಕುತ್ತಿದ್ದಾರೆ ಅಂತ ತಾನೇ ಅರ್ಥ? ಆ ಮನೆಯಲ್ಲಿ ಇರುವುದು ನೀವಿಬ್ಬರೇ. ನಾನು ಚಿಕ್ಕವಳಿದ್ದಾಗ ಒಂದು ಬೆಕ್ಕು ಸಾಕಿದ್ದೆ. ಒಂದು ದಿನ ಸ್ಕೂಲಿಂದ ಬಂದರೆ ಬೆಕ್ಕಿಲ್ಲ. ಯಾರೋ ಕೇಳಿದರು, ಕೊಟ್ಟುಬಿಟ್ಟೆ ಅಂದಳು ಅಕ್ಕ, ತರಕಾರಿ ಹೆಚ್ಚುತ್ತಾ. ತಲೆಯೆತ್ತಿ ಕೂಡ ನೋಡಲಿಲ್ಲ. ಬೇಕಂತಲೇ ಮಾಡುತ್ತಾಳೆ ಅಂತ ಅನ್ನುವುದಿಲ್ಲ. ಉಳಿದ ಅನ್ನ ಚೆಲ್ಲಬಾರದು ಅಂತ ಹಾಕಿರಬಹುದು. ನೀವೇ ಒಂದು ಕಣ್ಣಿಟ್ಟಿರಿ.

ಈ ಕಾಗದ ಅವಳ ಕೈಗೆ ಸಿಗದಿರಲಿ.

ಮೋಡಮ್ಮ


ಡಿಸೆಂಬರ್ 8

ಮೋಡಮ್ಮ,

ಅವಸರದಲ್ಲಿ ಬರೆಯುತ್ತಿದ್ದೇನೆ. ರಸ್ತೆ ಮುಚ್ಚುವುದರೊಳಗೆ ಜೀಪು ಇನ್ನೊಂದೇ ಸಲ ಮೇಲೆ ಬರುತ್ತದಂತೆ.

ನಿನ್ನ ಅಕ್ಕನನ್ನು ಕೇಳಿಬಿಟ್ಟೆ. ನಾಯಿಗೆ ಏನಾದರೂ ಹಾಕುತ್ತೀಯಾ ಅಂತ. ಜಗಳವಾಡುತ್ತಾಳೆ ಅಂದುಕೊಂಡೆ. ಆಡಲಿಲ್ಲ. ಕೇಳು ಅಂತ ಅವಳು ಹೇಳಿಕೊಟ್ಟಳಾ ಅಂದಳು, ಅಷ್ಟೇ. ಆವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಾಯಿಗೆ ಬೀಗವಿಲ್ಲದ ಹೆಂಗಸು ಸುಮ್ಮನಾದರೆ ಮನೆಯೊಳಗೆ ಓಡಾಡಲು ಹೆದರಿಕೆಯಾಗುತ್ತದೆ.

ಮೊನ್ನೆ ಮಧ್ಯಾಹ್ನ ಬಿಸ್ಕತ್ತು ತಿಂದು ಮಲಗಿದ್ದ. ನಾನು ನೋಡುತ್ತಿದ್ದ ಹಾಗೇ ಮುಖ ಊದತೊಡಗಿತು. ತುಟಿ ದಪ್ಪಗಾಯಿತು, ಕಣ್ಣು ಸಂದಿಯಾಯಿತು. ನನ್ನನ್ನೇ ನೋಡುತ್ತಿದ್ದ ಮಾರಾಯ್ತಿ, ಆದರೆ ಆ ಮುಖ ಬೇರೆ ಯಾವುದೋ ನಾಯಿಯದು. ಉಸಿರು ಎಳೆದರೆ ಗಂಟಲಲ್ಲಿ ಬಾಗಿಲು ಕಿರುಗುಟ್ಟಿದ ಸದ್ದು. ಎತ್ತಿಕೊಂಡು ಓಡಿದೆ. ಕ್ಲಿನಿಕ್ಕಿನ ಮೆಟ್ಟಿಲ ಹತ್ತಿರ ನನಗೇ ಉಸಿರು ಸಿಗಲಿಲ್ಲ. ಅಲ್ಲಿದ್ದ ಹೆಂಗಸು ಇವರಿಬ್ಬರಲ್ಲಿ ಯಾರಿಗೆ ತೋರಿಸಬೇಕು ಅಂತ ಕೇಳಿದಳು. ಸೂಜಿ ಚುಚ್ಚಿದ ಮೇಲೆ ಬಾವು ಇಳಿಯಿತು. ಇನ್ನೊಂದು ಸಲ ಹೀಗೆ ಗಂಟಲು ಕಟ್ಟಿದರೆ ಇಲ್ಲಿವರೆಗೆ ತರಲು ಟೈಮು ಸಿಗಲಿಕ್ಕಿಲ್ಲ ಅಂದರು ಡಾಕ್ಟರಮ್ಮ.

ಅವನ ಸ್ಥಿತಿ ನೋಡಿದರೆ ಇನ್ನು ಹೀಗೇ ಬಿಡುವುದು ಸರಿಯಲ್ಲವಂತೆ. ಸೋಮವಾರ ಸೂಜಿ ಹಾಕಿ ಮಲಗಿಸಿಬಿಡೋಣ ಅಂದಿದ್ದಾರೆ. ನಿನ್ನನ್ನು ಕೇಳದೆ ನಾನು ಹೂಂ ಅನ್ನಬಾರದಿತ್ತು. ನಿನ್ನ ಉತ್ತರ ಬರುವವರೆಗೆ ಕಾಯಲು ಆಗುವುದಿಲ್ಲ. ಹೂಂ ಅಂದಿದ್ದೇನೆ. ಕೈ ನಡುಗುತ್ತಿದೆ, ಅಕ್ಷರ ಸರಿಯಿಲ್ಲ. ಜೀಪಿನವನು ಹಾರ್ನ್ ಹೊಡೆಯುತ್ತಿದ್ದಾನೆ.

ಭಾವ


ಡಿಸೆಂಬರ್ 24

ಭಾವ,

ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ತಡವಾದ ಜೀಪಿನಲ್ಲಿ ನಿಮ್ಮ ಕಾಗದ ಬಂತು. ಸೋಮವಾರ ಕಳೆದು ಇನ್ನೊಂದು ಸೋಮವಾರವೂ ಹೋಗಿದೆ. ಹಾಗಾಗಿ ಬೇಡ ಅಂತಲೂ ಹೇಳುವ ಹಾಗಿಲ್ಲ, ಆಗಲಿ ಅಂತಲೂ ಹೇಳುವ ಹಾಗಿಲ್ಲ.

ನೀವು ಮಾಡಿದ್ದು ಸರಿ. ಇದನ್ನು ದೊಡ್ಡ ಮನಸ್ಸಿನಿಂದ ಬರೆಯುತ್ತಿಲ್ಲ. ನಾನು ಅಲ್ಲಿದ್ದಿದ್ದರೆ ನನ್ನಿಂದ ಆಗುತ್ತಿರಲಿಲ್ಲ, ಅವನು ಉಸಿರಿಗೆ ಒದ್ದಾಡುವುದನ್ನು ನೋಡುತ್ತಾ ಇನ್ನೊಂದು ದಿನ, ಇನ್ನೊಂದು ದಿನ ಅಂತ ಎಳೆಯುತ್ತಿದ್ದೆ. ನೀವು ಎಳೆಯಲಿಲ್ಲ. ನಿಮ್ಮ ಮೇಲೆ ನನಗೆ ಕೋಪವಿಲ್ಲ ಅಂತ ಬರೆದು ತಿಳಿಸಬೇಕಿತ್ತು, ಬರೆದಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಸೂಜಿ ಹಾಕುವಾಗ ಅವನ ತಲೆ ನಿಮ್ಮ ಅಂಗೈ ಮೇಲಿತ್ತು ತಾನೇ? ನಿಮ್ಮ ಕೈಯ ವಾಸನೆ ಅಂದರೆ ಅವನಿಗೆ ಪ್ರಾಣ. ಇತ್ತು ಅಂತಲೇ ಅಂದುಕೊಳ್ಳುತ್ತೇನೆ. ಇರಲಿಲ್ಲ ಅಂದರೆ ಹೇಳಬೇಡಿ.

ಇಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ಜೀಪು ಇವತ್ತು ಇಳಿದರೆ ಮತ್ತೆ ರಸ್ತೆ ತೆರೆಯುವವರೆಗೆ ಬರುವುದಿಲ್ಲ. ಗಾಳಿ ಬಾಗಿಲು ತಟ್ಟಿದರೆ ಈಗ ನಾನು ಕಂಬಳಿ ತಲೆಯವರೆಗೆ ಎಳೆದುಕೊಳ್ಳುತ್ತೇನೆ. ಕೆಳಗೆ ಬರುವಾಗ ಬಾಗಿಲಲ್ಲಿ ಒಬ್ಬ ಕಾಯುತ್ತಿರುತ್ತಾನೆ ಅಂತ ದಿನ ತಳ್ಳುತ್ತಿದ್ದೆ. ಇನ್ನು ಯಾವುದನ್ನು ನೆನೆದುಕೊಂಡು ತಳ್ಳಬೇಕು, ಗೊತ್ತಿಲ್ಲ.

ಅಕ್ಕನಿಗೆ ಹೇಳಿ, ಇದೂ ಅವಳ ಇಷ್ಟದಂತೆಯೇ ಆಯಿತು ಅಂತ.

ಮೋಡಮ್ಮ


ಜನವರಿ 3

ಮೋಡಮ್ಮ,

ಮಸಿ ಬದುಕಿದ್ದಾನೆ. ಮುಂದಕ್ಕೆ ಹೋಗಬೇಡ, ಈ ಸಾಲನ್ನು ಇನ್ನೊಂದು ಸಲ ಓದು.

ನಾನು ಎಂಥ ಕತ್ತೆ ಅಂದರೆ, ಅಂಗಡಿಯ ಬೋರ್ಡಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೆ ಪೇಂಟರನ್ನು ವಾಪಸು ಕರೆಸುವವನು, ಕಾಗದದಲ್ಲಿ ಮಲಗಿಸುತ್ತಾರೆ ಅಂತ ಬರೆದು ಕಳಿಸಿದೆ. ಡಾಕ್ಟರಮ್ಮ ಅಂದಿದ್ದು, ಪ್ರಜ್ಞೆ ತಪ್ಪಿಸುವ ಸೂಜಿ ಹಾಕಿ ಸ್ವಲ್ಪ ಹೊತ್ತು ಮಲಗಿಸುವುದು, ಕಿವಿಯನ್ನು ಆಳದವರೆಗೆ ತೊಳೆಯುವುದು, ಪರೀಕ್ಷೆಗೆ ಚರ್ಮದ ಚೂರು ತೆಗೆಯುವುದು. ಇಷ್ಟೇ. ಸಂಜೆಗೆ ಎದ್ದ. ಉಸಿರಿನ ತೊಂದರೆ ಇರುವ ನಾಯಿಗೆ ಪ್ರಜ್ಞೆ ತಪ್ಪಿಸುವುದರಲ್ಲಿ ಅಪಾಯವಿದೆ ಅಂದಿದ್ದರು, ಅದಕ್ಕೆ ಕೈ ನಡುಗಿದ್ದು. ನಿನ್ನ ಕಾಗದ ಓದಿದಾಗ ನಡುಗಿದ್ದು ಬೇರೆ.

ಇನ್ನು ಆಮೇಲಿನದು ಕೇಳು. ಒಂದಷ್ಟು ದಿನ ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡರು. ಅಲ್ಲಿ ಅವರೇ ಬೇಯಿಸಿದ ಮೀನು, ಗೆಣಸು. ಕೆರೆತ ನಿಂತಿತು. ಬೆನ್ನಿನ ಮೇಲೆ ಹೊಸ ಕೂದಲು, ಮೊಳಕೆ ಒಡೆದ ಹಾಗೆ. ಮನೆಗೆ ಕರೆದುಕೊಂಡು ಹೋಗಿ ಅಂದರು. ನಿನ್ನ ಅಕ್ಕ ಕರೆತಂದಳು. ನಾನು ಕಲಸುವ ರೂಮಿನಿಂದ ಹಾಗೇ ಹೊರಗೆ ಬಂದು ಕೈ ಚಾಚಿದೆ. ಓಡಿ ಬಂದ. ಹಳೇ ಬಾಕಿಯನ್ನೆಲ್ಲ ತೀರಿಸುವವನ ಹಾಗೆ ಎರಡೂ ಕೈ ನೆಕ್ಕಿದ. ನಾನು ಚಹಾ ಕುಡಿದು ಲೋಟ ಕೆಳಗಿಟ್ಟಿರಲಿಲ್ಲ, ಅವನ ತುಟಿ ಊದಿತು. ಈ ಸಲ ನಾಲಿಗೆಯೂ. ಕ್ಲಿನಿಕ್ಕಿನ ಹತ್ತಿರ ಬರುವಾಗ ಮೈ ಚೀಲದ ಹಾಗೆ ಜೋತಿತ್ತು. ಸತ್ತ ಅಂತಲೇ ತಿಳಿದೆ.

ಉಸಿರು ಸರಿಹೋದ ಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಏನು ತಿನ್ನಿಸಿದಿರಿ?"

"ಏನೂ ಇಲ್ಲ. ದೇವರಾಣೆ."

"ತಿನ್ನಲಿಲ್ಲ. ಸರಿ. ಏನು ನೆಕ್ಕಿದ?"

ನನ್ನ ಕೈ ಅಂದೆ. ಅಂದ ಮೇಲೆ ಆ ಕೈಯನ್ನು ನೋಡಿಕೊಂಡೆ. ಉಗುರ ಸಂದಿ, ಗೆರೆ, ಮೊಣಕೈ, ಎಲ್ಲಾ ಗೋಧಿ ಹಿಟ್ಟು. ಬಿಸ್ಕತ್ತು ಹೇಗೆ ಮಾಡುತ್ತಿದ್ದಿರಿ ಅಂತ ಕೇಳಿದರು. ಹೇಳಿದೆ: ಮೀನು, ಗೆಣಸು, ಎರಡೇ. ಹೇಳುತ್ತಾ ಹೇಳುತ್ತಾ ಕೈ ತಾನಾಗಿ ಗಾಳಿಯಲ್ಲಿ ಹಿಟ್ಟು ಉದುರಿಸಿತು. ಆಯಮ್ಮ ನನ್ನ ಬೆರಳನ್ನೇ ನೋಡುತ್ತಿದ್ದರು.

ಬೇಕರಿಯಲ್ಲಿ ಕಲಸುವ ಹಿಟ್ಟಿಗೆ ತೂಕ ಉಂಟು, ಮೋಡಮ್ಮ. ಅಂಟದ ಹಾಗೆ ಉದುರಿಸುವ ಹಿಟ್ಟನ್ನು ಯಾರೂ ತೂಗುವುದಿಲ್ಲ. ಅದು ಲೆಕ್ಕಕ್ಕಿಲ್ಲ. ನಾನು ಕೆಲಸ ಕಲಿತಿದ್ದೇ ಹಾಗೆ, ಕಲಿಸಿದ್ದೂ ಹಾಗೇ. ಯಾರು ಏನು ಹಾಕುತ್ತಾರೆ ಅಂತ ಮನೆಯವಳ ಕೈ ನೋಡುತ್ತಾ ಕೂತೆ. ದಿನಾ ನಾಯಿಯ ಬಾಯಿಗೆ ಕೈ ಒಡ್ಡಿದವನು ನಾನು. ಬೆನ್ನಿನ ಮೇಲೆ ಮೂಡಿಸಿದ ಮುದ್ರೆಯನ್ನು ಅವನೇ ನೆಕ್ಕಿ ನುಂಗುತ್ತಿದ್ದ.

ಈಗ ಅವನು ಮಹಡಿಯಲ್ಲಿ, ನಿನ್ನ ಅಕ್ಕನ ಜೊತೆ. ಹಿಟ್ಟಿನ ಪುಡಿ ಮೇಲೆ ಬಾರದ ಹಾಗೆ ಕೆಳಗಿನ ಬಾಗಿಲಿಗೆ ಒದ್ದೆ ಬಟ್ಟೆ ಹಾಸಿದ್ದಾಳೆ. ನಾನು ಕಲಸುವ ರೂಮಿನ ಪಕ್ಕದ ಕೋಣೆಯಲ್ಲಿ ಮಲಗುತ್ತೇನೆ, ಯಜಮಾನನಾಗುವ ಮೊದಲು ಮಲಗುತ್ತಿದ್ದ ಅದೇ ಜಾಗದಲ್ಲಿ. ಮೆಟ್ಟಿಲ ತುದಿಯ ಗಾಜಿನ ಬಾಗಿಲಿಂದ ಅವನು ನನ್ನನ್ನು ನೋಡುತ್ತಾನೆ. ಯಾಕೆ ಬರುವುದಿಲ್ಲ ಅಂತ ಅವನಿಗೆ ಯಾರು ಹೇಳಬೇಕು. ಈ ಸಲ ಡಾಕ್ಟರಮ್ಮ ನನ್ನನ್ನೂ ಒಂದಿಷ್ಟು ಬೈದರು, ಅದು ಇರಲಿ.

ನಿನ್ನ ಕಾಗದ ಬಿಚ್ಚಿದ್ದು ನಿನ್ನ ಅಕ್ಕ. ಕೊನೆಯ ಸಾಲು ಓದಿ ಮಡಚಿಟ್ಟಳು. ಸಂಜೆ ಒಂದು ಮಾತು ಹೇಳಿದಳು, ಅದನ್ನು ನಿನಗೆ ಬರೆಯಬೇಡಿ ಅಂದಳು, ಬರೆಯುತ್ತಿದ್ದೇನೆ. "ಬೆಕ್ಕನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಅದು ಬೆಳಿಗ್ಗೆ ಗಾಡಿಗೆ ಸಿಕ್ಕಿತ್ತು. ಅವಳು ಬಂದಾಗ ನನಗೆ ತಲೆಯೆತ್ತಲು ಆಗಲಿಲ್ಲ."

ಇನ್ನೊಂದು. ರಸ್ತೆ ಮುಚ್ಚಿದೆ, ಈ ಕಾಗದ ನಿನಗೆ ಯಾವಾಗ ಸಿಗುತ್ತದೋ. ಅಲ್ಲಿವರೆಗೆ ನೀನು ಹಾಗೇ ಇರಬಾರದು ಅಂತ ನಿಮ್ಮ ಕೆಳಗಿನ ಆಫೀಸಿಗೆ ಹೋಗಿ ಕಾಡಿದೆ. ನಮ್ಮ ಬನ್ನು ತಿಂದು ಬೆಳೆದ ಗುಮಾಸ್ತ ಒಬ್ಬ ಇದ್ದಾನೆ. ಹವೆಯ ಅಂಕಿಗಳ ಕೊನೆಗೆ ಎರಡು ಪದ ಸೇರಿಸುತ್ತೇನೆ ಅಂದ. ಮಸಿ ಇದ್ದಾನೆ, ಅಂತ ಬರೆದುಕೊಟ್ಟೆ. ಮಾರನೆಯ ದಿನ ಉತ್ತರ ಬಂತು: "ಬೇಡ. ಇಲ್ಲಿ ಬೇಕಾದಷ್ಟಿದೆ." ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಏನಮ್ಮ ಇದರ ಅರ್ಥ? ಮಸಿ ನಿನಗೆ ಬೇಡವಾದನೇ?

ಭಾವ


ಫೆಬ್ರವರಿ 2

ಮೋಡಮ್ಮನಿಗೆ,

ಎಲ್ಲರೂ ಕ್ಷೇಮ. ರಸ್ತೆ ಇನ್ನೂ ತೆರೆದಿಲ್ಲವಂತೆ, ಮೊದಲ ಜೀಪಿಗೆ ಇರಲಿ ಅಂತ ಇದನ್ನೂ ಬರೆದು ಆಫೀಸಿನಲ್ಲಿ ಕೊಡಿಸುತ್ತೇನೆ.

ಮಸಿಯ ಕೂದಲು ಪೂರ್ತಿ ಬಂದಿದೆ, ಬಲಗಿವಿಯ ತುದಿಯೊಂದು ಬಿಟ್ಟು. ಬೇಕರಿ ಚೆನ್ನಾಗಿ ನಡೆಯುತ್ತಿದೆ. ಬನ್ನು ಚೆನ್ನಾಗಿ ಉಬ್ಬುತ್ತಿವೆ. ನಾನು ಆರಾಮಾಗಿದ್ದೇನೆ. ನಿನ್ನ ಅಕ್ಕ ಈಗ ಮಾತಾಡುತ್ತಾಳೆ.

ನಿನ್ನ ಭಾವ


ಫೆಬ್ರವರಿ 17

ಭಾವ,

ಬೆಳಿಗ್ಗೆ ಜೀಪು ಬಂತು. ನಿಮ್ಮ ಎರಡೂ ಕಾಗದ ಒಟ್ಟಿಗೆ ಕೈಗೆ ಬಂದವು. ಮೊದಲ ಸಾಲು ಓದಿ ಹೊರಗೆ ಹೋಗಿ ಹಿಮದಲ್ಲಿ ಕೂತೆ. ಅಡುಗೆಯವರು ಹೆದರಿ ಎಬ್ಬಿಸಿಕೊಂಡು ಬಂದರು. ಅವರಿಗೆ ತಮ್ಮ ಬದುಕಿದ್ದಾನೆ ಅಂದೆ.

ರೇಡಿಯೋದ ಕಥೆ ಕೇಳಿ. ಆವತ್ತು ನಾನು ಜ್ವರದಿಂದ ಮಲಗಿದ್ದೆ, ಅಂಕಿ ಬರೆದುಕೊಂಡವರು ಸಾಹೇಬರು. ಅದು ನಾಯಿಯ ಹೆಸರು ಅಂತ ಗೊತ್ತಿರದ ನಿಮ್ಮ ಗುಮಾಸ್ತ, ಮಸಿಗೆ ಇದ್ದಾನೆ ಅನ್ನುವುದು ತಪ್ಪು ವ್ಯಾಕರಣ ಅಂತ ತಿದ್ದಿ "ಮಸಿ ಇದೆ" ಅಂದನಂತೆ. ಯಂತ್ರದ ಪೆನ್ನಿಗೆ ಹಾಕುವ ಮಸಿ ಸ್ಟಾಕಿನಲ್ಲಿದೆ, ಬೇಕಾ ಅಂತ ಕೇಳುತ್ತಿದ್ದಾರೆ ಅಂತ ಸಾಹೇಬರು ತಿಳಿದರು. ಬೇಡ, ಇಲ್ಲಿ ಬೇಕಾದಷ್ಟಿದೆ ಅಂದರು. ಇಲ್ಲಿ ಮಸಿ ನಿಜವಾಗಲೂ ಬೇಕಾದಷ್ಟಿದೆ, ಭಾವ. ಅದೇ ಮಸಿಯಲ್ಲಿ ಯಂತ್ರ ಬರೆದ ಗಾಳಿಯ ಗೆರೆ ನೋಡಿಕೊಂಡು ನಾನು ಅಳುತ್ತಿದ್ದೆ. ಸಾಹೇಬರಿಗೆ ಇವತ್ತು ವಿಷಯ ಹೇಳಿದೆ. ಬಹಳ ಹೊತ್ತು ಕನ್ನಡಕ ಒರೆಸಿದರು.

ಅಕ್ಕನಿಗೆ ಬೇರೆ ಕಾಗದ ಇಟ್ಟಿದ್ದೇನೆ. ನೀವು ಬಿಚ್ಚಬೇಡಿ.

ಈಗ ನಿಮ್ಮ ವಿಷಯ. ಜನವರಿಯ ಕಾಗದ ಬಿಚ್ಚಿದಾಗ ಎಂದಿನ ಹಾಗೆ ಹಿಟ್ಟು ಉದುರಿತು. ಫೆಬ್ರವರಿಯದು ಬಿಚ್ಚಿದೆ, ಕೊಡವಿದೆ, ಮಡಿಕೆಯೊಳಗೆ ಬೆರಳಾಡಿಸಿದೆ. ಏನೂ ಉದುರಲಿಲ್ಲ. ಅದರಲ್ಲಿ ಒಂದು ತಮಾಷೆಯೂ ಇಲ್ಲ. ಮೊದಲ ಕಾಗದದಿಂದ ಮತ್ತೆ ಎಲ್ಲವನ್ನೂ ಓದಿದೆ. ಭಟ್ಟಿಯ ಹೊಗೆಗೆ ಕೆಮ್ಮು. ಮೆಟ್ಟಿಲ ಹತ್ತಿರ ಉಸಿರು ಸಿಗಲಿಲ್ಲ. "ಡಾಕ್ಟರಮ್ಮ ನನ್ನನ್ನೂ ಒಂದಿಷ್ಟು ಬೈದರು, ಅದು ಇರಲಿ." ಯಾರಿಗೆ ತೋರಿಸಬೇಕು ಅಂತ ಆ ಹೆಂಗಸು ಕೇಳಿದ್ದನ್ನು ನಾನು ಆಗ ನಕ್ಕು ದಾಟಿಸಿದ್ದೆ.

ಏನು ಮುಚ್ಚಿಡುತ್ತಿದ್ದೀರಿ? ನನಗೆ ಹೆದರಿಕೆಯಾಗುತ್ತಿದೆ. ಜೀಪಿನವನನ್ನು ನಿಲ್ಲಿಸಿಕೊಂಡಿದ್ದೇನೆ. ಅವನಿಗೆ ಹೇಳಿದ್ದೇನೆ, ಉತ್ತರ ತರದೆ ಮೇಲೆ ಬರಬೇಡ ಅಂತ. ಈ ಸಲ ಪದ ನೋಡಿ ಬರೆಯಿರಿ.

ಮೋಡಮ್ಮ


ಮಾರ್ಚ್ 1

ಮೋಡಮ್ಮ,

ಗಾಳಿ ಅಳೆಯುವವಳ ಹತ್ತಿರ ಉಸಿರು ಮುಚ್ಚಿಡಲು ಹೋದೆ ನೋಡು.

ಎರಡನೆಯ ಸಲ ಮಸಿಯನ್ನು ಎತ್ತಿಕೊಂಡು ಓಡಿದೆನಲ್ಲ, ಆವತ್ತು ಡಾಕ್ಟರಮ್ಮ ನಳಿಗೆ ಕಿವಿಗಿಟ್ಟುಕೊಂಡು ಅವನ ಎದೆ ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಅವನ ಕಾಲು ಹಿಡಿದು ಬಗ್ಗಿದ್ದೆ. ಅವನ ಉಸಿರು ಹತೋಟಿಗೆ ಬಂದರೂ ಸಣ್ಣಗೆ ಸೀಟಿಯಂಥ ಸದ್ದು ನಿಲ್ಲಲಿಲ್ಲ. ಆಯಮ್ಮ ನಳಿಗೆ ಕಿವಿಯಿಂದ ತೆಗೆದರು. ಸದ್ದು ಇನ್ನೂ ಕೇಳುತ್ತಿತ್ತು. "ಇದು ನಾಯಿಯ ಎದೆಯಿಂದ ಬರುತ್ತಿಲ್ಲ" ಅಂದರು.

ಇದನ್ನು ನಿನಗೆ ಬರೆಯಲಿಲ್ಲ. ನಿನ್ನ ಅಕ್ಕನಿಗೂ ಹೇಳಲಿಲ್ಲ. ನಾಯಿಗಾದರೆ ಹಿಟ್ಟು ಬಿಡಿಸಬಹುದು, ಹಿಟ್ಟಿನವನಿಗೆ ಬಿಡಿಸುವುದು ಹೇಗೆ? ಜನವರಿಯ ಕೊನೆಯಲ್ಲಿ ಮೂಟೆ ಬಿಚ್ಚುವಾಗ ಪುಡಿ ಎದ್ದಿತು, ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಮೇಲಿನಿಂದ ಗಾಜಿನ ಬಾಗಿಲಿಗೆ ಮಸಿ ಉಗುರು ಹಾಕಿ ಪರಪರ ಗೀರುವುದು ಕೇಳಿಸುತ್ತಿತ್ತು. ಬೊಗಳಿ ಬೊಗಳಿ ನಿನ್ನ ಅಕ್ಕನನ್ನು ಕೆಳಗೆ ಓಡಿಸಿದವನು ಅವನೇ. ಆಸ್ಪತ್ರೆಯಲ್ಲಿ ಹೇಳಿದ್ದನ್ನು ಸುತ್ತಿ ಬಳಸದೆ ಬರೆಯುತ್ತೇನೆ: ಮಸಿಯ ಚರ್ಮಕ್ಕೆ ಯಾವುದು ಆಗುವುದಿಲ್ಲವೋ ನನ್ನ ಎದೆಗೂ ಅದೇ ಆಗುವುದಿಲ್ಲ. ಇನ್ನು ಕಲಸುವ ರೂಮಿಗೆ ಕಾಲಿಡಬಾರದು. ಸಾಯುವುದಿಲ್ಲ ಮಾರಾಯ್ತಿ. ಕಾಲಿಟ್ಟರೆ ಸಾಯಬಹುದು, ಅಷ್ಟೇ.

ಬೇಕರಿಯನ್ನು ನನ್ನ ಹತ್ತಿರವೇ ಕೆಲಸ ಕಲಿತ ದೊಡ್ಡ ಮೇಸ್ತ್ರಿ ನೋಡಿಕೊಳ್ಳುತ್ತಿದ್ದಾನೆ. ಬನ್ನು ಉಬ್ಬುತ್ತಿವೆ ಅಂತ ಬರೆದದ್ದು ಸುಳ್ಳಲ್ಲ, ನಾನಿಲ್ಲದೆಯೂ ಉಬ್ಬುತ್ತಿವೆ. ಅದನ್ನು ಕಿಟಕಿಯಿಂದ ನೋಡುವುದು ಕೆಮ್ಮಿಗಿಂತ ಕಷ್ಟ. ನನ್ನನ್ನೂ ಮಹಡಿಗೆ ಹಾಕಿದ್ದಾರೆ. ನಿನ್ನ ಅಕ್ಕ ನಮ್ಮಿಬ್ಬರಿಗೂ ಒಟ್ಟಿಗೇ ಮಾತ್ರೆ ಕೊಡುತ್ತಾಳೆ. ಅವನು ಗೆಣಸಿನೊಳಗಿಟ್ಟರೆ ನುಂಗುತ್ತಾನೆ, ನಿಮಗೇನಿಡಬೇಕು ಅಂತ ನನ್ನನ್ನು ಕೇಳುತ್ತಾಳೆ. ನಿನ್ನ ಕಾಗದ ಅವಳ ದಿಂಬಿನ ಕೆಳಗಿದೆ. ನಾನು ಬಿಚ್ಚಲಿಲ್ಲ.

ಮಹಡಿಗೆ ಬಂದ ಮೇಲೂ ಅವನನ್ನು ಮುಟ್ಟಲು ಬಿಟ್ಟಿರಲಿಲ್ಲ. ಹಿಟ್ಟು ಅಷ್ಟು ಬೇಗ ಮೈ ಬಿಡುವುದಿಲ್ಲ. ತಲೆಗೂದಲು ತೆಗೆಸಿದೆ, ಹಳೇ ಬಟ್ಟೆಯನ್ನೆಲ್ಲ ಕೊಟ್ಟೆ, ಉಗುರಿನ ಬುಡದವರೆಗೂ ಉಜ್ಜಿದೆ. ನಿನ್ನೆ ನಿನ್ನ ಅಕ್ಕ ನನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಇನ್ನು ಮುಟ್ಟಿ ಅಂದಳು.

ಕೈ ಚಾಚಿದೆ. ಮಸಿ ಬಂದು ಅಂಗೈ ಮೂಸಿದ. ಮತ್ತೆ ಮೂಸಿದ. ನೆಕ್ಕಲಿಲ್ಲ. ನನ್ನ ಮುಖ ನೋಡಿದ, ಇದು ಯಾರ ಕೈ ಅನ್ನುವ ಹಾಗೆ. ನಿಜ ಹೇಳುತ್ತೇನೆ, ಅವನನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದ ದಿನವೂ ನಾನು ಅಷ್ಟು ಹೆದರಿರಲಿಲ್ಲ. ಹೇಗೆ ಕೊಟ್ಟೆಯೋ ಹಾಗೇ ವಾಪಸು ಕೊಡುತ್ತೇನೆ ಅಂದಿದ್ದೆ. ಕಿವಿಯ ತುದಿಯೊಂದು ಬಿಟ್ಟರೆ ಅವನು ಹಾಗೇ ಇದ್ದಾನೆ. ತೆಗೆದುಕೊಂಡವನು ಹಾಗಿಲ್ಲ.

ಆಮೇಲೆ ಬೆನ್ನಿನ ಮೇಲೆ ಕೈ ಇಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದೆ. ಕರಿ ಬೆನ್ನು ಕರಿಯಾಗೇ ಇತ್ತು, ಒಂದು ಬೆರಳೂ ಮೂಡಿರಲಿಲ್ಲ. ನಾನು ಮುಟ್ಟಿದ್ದು ಹೌದೋ ಅಲ್ಲವೋ ಅನ್ನಿಸಿಬಿಟ್ಟಿತು. ಮತ್ತೆ ಇಟ್ಟೆ. ಬೆನ್ನು ಬೆಚ್ಚಗಿತ್ತು. ಈ ಸಲ ಎತ್ತಿ ನೋಡಲಿಲ್ಲ.

ಭಾವ